ಸೂಜಿಯೊಳಗಿನ ತಂತಿ

ಆಗ ನನಗೆ ಐವತ್ತೊಂಬತ್ತು. ಈಗ್ಗೆ ಹನ್ನೆರಡು ವರ್ಷದ ಹಿಂದಿನ ಮಾತು. ಆ ವರ್ಷದ ಹತ್ತಿ ಬಿಡಿಸುವ ಹಂಗಾಮಿನಲ್ಲಿ ನಾನು ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಒಂದು ಹುಡುಗಿಯ ಬಲಗಾಲು ಕೆಟ್ಟಿತು. ವಿಷಯ ಇಷ್ಟೇ. ಉಳಿದದ್ದೆಲ್ಲ ಅದು ಹೇಗಾಯಿತು ಅನ್ನುವುದು.

ಮೊನ್ನೆ ನಮ್ಮ ಓಣಿಯಲ್ಲಿ ಒಬ್ಬರ ಮನೆಯಲ್ಲಿ ಗ್ಯಾಸ್ ತೀರಿತು. ಹಳೆಯ ಪಂಪ್ ಸ್ಟೌ ಕೆಳಗಿಳಿಸಿ, ಎಲ್ಲಿಂದಲೋ ಚಿಮಣಿ ಎಣ್ಣೆ ತಂದು ಹೊತ್ತಿಸಿದರು. ವಾಸನೆ ನನ್ನ ಮನೆಯ ತನಕ ಬಂತು. ಸ್ಟೌ ನಾಲ್ಕು ಸಲ ಬುಸುಗುಟ್ಟಿ ಆರಿತು. ಆ ಮನೆಯ ಸೊಸೆ ನನ್ನ ಬಾಗಿಲಿಗೆ ಬಂದು, "ಈರಮ್ಮಜ್ಜಿ, ಸ್ಟೌ ಪಿನ್ನು ಅದಾವೇನು?" ಎಂದಳು. ಇಲ್ಲ ಅಂದೆ. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡೆ. ಅಷ್ಟರಲ್ಲಿ ವಾಸನೆ ಒಳಗೆ ಬಂದು ಕೂತಾಗಿತ್ತು.

ನಾನು ದೇವದುರ್ಗದ ಒಂದು ಸಣ್ಣ ದವಾಖಾನೆಯಲ್ಲಿ ಆಯಾ ಕೆಲಸ ಮಾಡಿದವಳು. ಗಂಡ ಸತ್ತ ವರ್ಷ ಸೇರಿದೆ, ದವಾಖಾನೆ ಮುಚ್ಚುವ ತನಕ ಇದ್ದೆ. ನೆಲ ಒರೆಸುವುದು, ಬಟ್ಟೆ ಒಗೆಯುವುದು, ಸೂಜಿ ಕುದಿಸುವುದು, ಡಾಕ್ಟರು ಕೆಲಸ ಮಾಡುವಾಗ ಮಕ್ಕಳನ್ನು ಹಿಡಿಯುವುದು. ಅಕ್ಷರ ಕಲಿತದ್ದೂ ಅಲ್ಲೇ, ಔಷಧಿ ಶೀಶೆಯ ಮೇಲಿನದನ್ನು ಕೂಡಿಸಿ ಕೂಡಿಸಿ. ದವಾಖಾನೆ ಮುಚ್ಚಿದ ಮೇಲೆ ಹೊಲದ ಕೆಲಸಕ್ಕೆ ಹೋಗತೊಡಗಿದೆ. ಹತ್ತಿ ಬಿಡಿಸಲು ವಯಸ್ಸು ಬೇಕಿಲ್ಲ, ಟೊಂಕ ಬೇಕು. ನನ್ನ ಟೊಂಕ ಗಟ್ಟಿಯಿತ್ತು.

ಆ ವರ್ಷ ಹತ್ತಿ ಚೆನ್ನಾಗಿ ಒಡೆದಿತ್ತು. ಬೆಳಗ್ಗೆ ಮಂಜು ಬಿದ್ದು ಹತ್ತಿ ಒದ್ದೆಯಿರುತ್ತಿತ್ತು. ಬಿಸಿಲು ಏರುವ ತನಕ ನಾವು ಬದುವಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದೆವು. ಆಮೇಲೆ ಸೀರೆಯ ಮೇಲೆ ಹಳೆಯ ಅಂಗಿ ತೊಟ್ಟು, ಸೊಂಟಕ್ಕೆ ಉಡಿ ಕಟ್ಟಿಕೊಂಡು ಸಾಲಿಗೊಬ್ಬರು ಇಳಿಯುವುದು. ರವಿವಾರ ಶಾಲೆಯ ಹುಡುಗಿಯರೂ ಬರುತ್ತಿದ್ದರು. ಅವರಲ್ಲಿ ರೇಷ್ಮಾ ಒಬ್ಬಳು. ಹದಿಮೂರು ವರ್ಷ. ನನ್ನ ಓಣಿಯ ಬಳೆಗಾರ್ತಿ ಮಾಬೂಬಿಯ ಮಗಳು. ಬಾಯಿ ಜೋರು. ಹಿಂದಿನ ವರ್ಷ ಅವಳ ಕೈಗೆ ನನ್ನ ಕೈ ಸಾಟಿಯಾಗಿರಲಿಲ್ಲ.

ಆ ವರ್ಷ ಅವಳು ಬಗ್ಗಲಿಲ್ಲ. ಮೊದಲ ರವಿವಾರ ಮೇಲಿನ ಕಾಯಿಗಳನ್ನಷ್ಟೇ ಬಿಡಿಸುತ್ತ ನೆಟ್ಟಗೆ ನಡೆದಳು. ಎರಡನೆಯ ರವಿವಾರ ಮೊಣಕಾಲೂರಿ, ಗಿಡದಿಂದ ಗಿಡಕ್ಕೆ ಸರಿಯುತ್ತ ಬಿಡಿಸಿದಳು.

"ಏನಲೇ ರೇಷ್ಮಾ, ಹತ್ತಿ ಗಿಡದ ಕಾಲಿಗಿ ಬೀಳಾಕತ್ತೀಯೇನು?" ಎಂದು ಪಕ್ಕದ ಸಾಲಿನ ಹುಡುಗಿ ನಕ್ಕಳು.

"ಹೂಂ. ನಿನ್ನಂಥಾ ಗೆಳತಿ ಬ್ಯಾಡಂತ ಬೇಡಿಕೊಳ್ಳಾಕತ್ತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಜೆ ಅವಳ ಉಡಿಯಲ್ಲಿ ಅರ್ಧವೂ ಇರಲಿಲ್ಲ. ದಾರಿಯಲ್ಲಿ, "ಯಾಕ ಬೇ, ಮೈಗಳ್ಳತನ ಕಲತೀಯೇನು?" ಎಂದು ಕೇಳಿದೆ.

"ಇಲ್ಲಜ್ಜಿ. ಬಗ್ಗಿದ್ರ ಟೊಂಕದಾಗಿಂದ ಕಾಲಿಗಿ ಮಿಂಚು ಹೊಡದಂಗ ಆಗತದ. ಅಮ್ಮಿಗಿ ಹೇಳಬ್ಯಾಡ, ಅಳತಾಳ."

ನಾನು ಹೇಳಿದೆ. ಮಾಬೂಬಿ ಅಳಲಿಲ್ಲ. ಸೀದಾ, "ನಾಳಿಗಿ ರಾಯಚೂರಿಗಿ ಹೋಗಮು. ನೀನೂ ಬಾ ಅಕ್ಕಾ. ನಿನಗ ದವಾಖಾನಿ ಗೊತ್ತದ. ಅಕಿನ್ನ ಒಮ್ಮಿ ಉಳಿಸಿದಾಕಿ ನೀನೇ," ಎಂದಳು.

ಈ ಕೊನೆಯ ಮಾತು ಅವಳು ಹನ್ನೆರಡು ವರ್ಷದಿಂದ ಹೇಳುತ್ತ ಬಂದಿದ್ದಳು. ಯಾರು ಸಿಕ್ಕರೂ ಹೇಳುತ್ತಿದ್ದಳು. ಉಗಾದಿಗೆ ತಪ್ಪದೆ ನನ್ನ ಮನೆಗೆ ಬುಟ್ಟಿ ಹೊತ್ತು ಬಂದು ಎರಡು ಸಾದಾ ಗಾಜಿನ ಬಳೆ ಹಾಕುತ್ತಿದ್ದಳು. ಗಂಡ ಸತ್ತವಳಿಗೆ ಬಳೆ ಯಾಕೆ ಎಂದು ಓಣಿಯ ಹೆಂಗಸರು ಗೊಣಗಿದರೆ, "ನನ್ನ ಬಳಿ, ನನ್ನ ಖುಷಿ. ಈ ಕೈ ನನ್ನ ಕೂಸಿನ್ನ ಹಿಡದದ್ದು, ಬರೇ ಇರಬಾರದು," ಅನ್ನುತ್ತಿದ್ದಳು. ನಾನು ಕೈ ಚಾಚುತ್ತಿದ್ದೆ. ಬೇಡ ಎಂದು ಒಮ್ಮೆಯೂ ಹೇಳಲಿಲ್ಲ. ನನಗೂ ಅದು ಬೇಕಾಗಿತ್ತು.

ಆ ಕೈ ಅವಳ ಕೂಸನ್ನು ಹೇಗೆ ಹಿಡಿದಿತ್ತು ಎಂದು ಈಗ ಹೇಳುತ್ತೇನೆ.

ರೇಷ್ಮಾ ಆಗ ಎಂಟು ತಿಂಗಳ ಕೂಸು. ಬ್ಯಾಸಿಗೆ. ಮಧ್ಯಾಹ್ನದ ಹೊತ್ತು ಮಾಬೂಬಿ ಕೂಸನ್ನು ಎತ್ತಿಕೊಂಡು ದವಾಖಾನೆಗೆ ಓಡಿ ಬಂದಳು. ಮೈ ಕಾದ ಹಂಚಿನ ಹಾಗಿತ್ತು, ಕಣ್ಣು ಮೇಲಕ್ಕೆ ಸಿಕ್ಕಿದ್ದವು, ಕೈಕಾಲು ಸೆಟೆದು ಸೆಟೆದು ಅಲುಗುತ್ತಿದ್ದವು. ಡಾಕ್ಟರು ನೋಡಿ ಮೆದುಳು ಜ್ವರ ಎಂದರು. "ಬೆನ್ನಿನ ನೀರು ತೆಗೀಬೇಕು. ತಾಯಿನ್ನ ಹೊರಗ ಕೂಡಿಸು, ಸೂಜಿ ಕುದಿಸು."

ಬೆನ್ನಿನ ನೀರು ಎಂದು ಯಾರಿಗೂ ಹೇಳಬಾರದು ಎನ್ನುವುದು ನಮ್ಮ ದವಾಖಾನೆಯ ರೀತಿ. ಬೆನ್ನಿನ ನೀರು ತೆಗೆದರೆ ಮಕ್ಕಳು ಹೆಳವರಾಗುತ್ತಾರೆ ಎಂದು ನಮ್ಮ ಕಡೆ ಮಂದಿ ನಂಬಿದ್ದರು. ಹಿಂದೆ ಒಮ್ಮೆ ಡಾಕ್ಟರು ಇದ್ದದ್ದು ಇದ್ದಂತೆ ಹೇಳಿದಾಗ ಅಜ್ಜ ಒಬ್ಬ ಮೊಮ್ಮಗನನ್ನು ಟೇಬಲ್ಲಿನ ಮೇಲಿಂದಲೇ ಎತ್ತಿಕೊಂಡು ಹೋದ. ಮೂರನೆಯ ದಿನ ಆ ಮಗು ಸತ್ತಿತು. ಅಂದಿನಿಂದ ಹೇಳುವುದು ಬಿಟ್ಟೆವು. ಸಲಾಯಿನ್ ಹಚ್ಚುತ್ತೇವೆ ಎಂದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದೆ. ಮಾಬೂಬಿಯ ಹೆಬ್ಬೆಟ್ಟನ್ನೂ ಹಾಗೆಯೇ ಒತ್ತಿಸಿದೆ. ಬಿಡಿಸಿ ಹೇಳಲು ಹೊತ್ತಿರಲಿಲ್ಲ ಎನ್ನುವುದೂ ಖರೆ.

ಸೂಜಿ ಕುದಿಸಲು ಹೋದರೆ ಸ್ಟೌ ಹೊತ್ತಲಿಲ್ಲ. ತೂತು ಕಟ್ಟಿಕೊಂಡಿತ್ತು. ಪಿನ್ನು ಹುಡುಕಿದೆ, ಇಲ್ಲ. ಒಳಗೆ ಡಾಕ್ಟರು ಕೂಗುತ್ತಿದ್ದರು. ತಟ್ಟೆಯಲ್ಲಿ ಬೆನ್ನಿನ ಸೂಜಿಯಿತ್ತು. ಆ ಸೂಜಿಯೊಳಗೆ ಕೂದಲಿನಷ್ಟು ಸಣ್ಣ ತಂತಿ ಇರುತ್ತದೆ, ಒಂದು ತುದಿಗೆ ಗುಂಡಿ. ಚುಚ್ಚುವಾಗ ಒಳಗಿರುತ್ತದೆ, ಆಮೇಲೆ ಎಳೆದರೆ ನೀರು ತೊಟ್ಟಿಕ್ಕುತ್ತದೆ. ನಾನು ಅದನ್ನು ಎಷ್ಟೋ ಸಲ ತೊಳೆದಿದ್ದೆ. ಸ್ಟೌಗೆ ಪಿನ್ನು ಇದ್ದ ಹಾಗೆ ಸೂಜಿಗೆ ಈ ತಂತಿ, ತೂತು ಕಟ್ಟಿದರೆ ಬಿಡಿಸಲು ಎಂದು ತಿಳಿದಿದ್ದೆ. ಯಾರೂ ಬೇರೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ತಂತಿ ಎಳೆದು ಸ್ಟೌ ತೂತಿಗೆ ಚುಚ್ಚಿದೆ. ಸ್ಟೌ ಭರ್ ಅಂದು ಹೊತ್ತಿತು. ತಂತಿ ಡೊಂಕಾಯಿತು. ತಿದ್ದಲು ಹೋದೆ, ಮುರಿಯಿತು.

ಕುದಿಸಿದ ಸೂಜಿ ತೆಗೆದುಕೊಂಡು ಹೋಗಿ, "ಸಾಹೇಬ್ರ, ಒಳಗಿನ ತಂತಿ ಮುರೀತ್ರಿ," ಎಂದೆ.

"ಇರಲಿ ಬಿಡು, ನಡೀತದ. ಕೂಸಿನ್ನ ಹಿಡಿ."

ಕೂಸನ್ನು ಮಗ್ಗುಲಾಗಿ ಮಲಗಿಸಿ, ತಲೆಯನ್ನೂ ಮೊಣಕಾಲನ್ನೂ ಕೂಡಿಸಿ, ಹುಣಸೆಕಾಯಿಯ ಹಾಗೆ ಬಾಗಿಸಿ ಹಿಡಿದೆ. ಬೆನ್ನಿನ ಗಂಟುಗಳು ಮಣಿಸರದಂತೆ ಎದ್ದವು. ಸೂಜಿ ಹೋಯಿತು. ಅಕ್ಕಿ ತೊಳೆದ ನೀರಿನಂಥ ನೀರು ಬಂತು. ಡಾಕ್ಟರು ಅದನ್ನು ನೋಡಿಯೇ ಯಾವ ಔಷಧಿ ಎಂದು ಗೊತ್ತುಮಾಡಿದರು. ಹತ್ತು ದಿನಕ್ಕೆ ಕೂಸು ನಕ್ಕಿತು. ಇದೂ ಖರೆ. ಆ ನೀರು ತೆಗೆಯದಿದ್ದರೆ ರೇಷ್ಮಾ ಅಂದೇ ಹೋಗುತ್ತಿದ್ದಳು.

ಅಂದು ಸಂಜೆ ಮಾಬೂಬಿ ಕೂಸಿನ ಅಂಗಿ ಬದಲಿಸುವಾಗ ಬೆನ್ನಿನ ಮೇಲೆ ಪಟ್ಟಿ ಕಂಡಳು. "ಇದೇನಕ್ಕಾ?"

"ಬೆವರುಗುಳ್ಳಿ ಒಡದಿತ್ತು, ಔಷಧಿ ಹಚ್ಚೀವಿ. ಸೂಜಿ ಮಾಡಿದ್ದು ಕುಂಡಿಗಿ."

ನಂಬಿದಳು. ಆ ಸೂಜಿಗೆ ಬೇರೆ ತಂತಿ ಬರಲೇ ಇಲ್ಲ. ಎರಡು ಮೂರು ವರ್ಷ ಹಾಗೆಯೇ ನಡೆಯಿತು, ಒಮ್ಮೆ ಬಳಸಿ ಎಸೆಯುವ ಪಾಕೀಟಿನ ಸೂಜಿ ಬರುವ ತನಕ.

ಈಗ ಮತ್ತೆ ಆ ಹಂಗಾಮಿಗೆ. ರಾಯಚೂರಿನ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ರೇಷ್ಮಾಳನ್ನು ನೋಡಿದಳು. ವಯಸ್ಸಿನ ಹುಡುಗಿ, ಮೂಗಿನ ಮೇಲೆ ಬೆವರು. ಅವಳು ರೇಷ್ಮಾಳ ಬೆನ್ನಿನ ಗಂಟುಗಳನ್ನು ಒಂದೊಂದಾಗಿ ಒತ್ತಿದಳು, ಕಾಲು ಎತ್ತಿಸಿದಳು, ಸಣ್ಣ ಸುತ್ತಿಗೆಯಿಂದ ಮೊಣಕಾಲಿಗೆ ಬಡಿದಳು. ಆಮೇಲೆ ಕೇಳಿದಳು.

"ಬೆನ್ನಿಗೆ ಪೆಟ್ಟು ಬಿದ್ದಿತ್ತಾ? ಚಿಕ್ಕವಳಿದ್ದಾಗ ಬೆನ್ನಿಂದ ನೀರು ತೆಗೆದಿದ್ರಾ?"

"ಇಲ್ರಿ," ಎಂದಳು ಮಾಬೂಬಿ. "ಮೆದುಳು ಜ್ವರ ಬಂದಿತ್ತು. ಬೆನ್ನಿಗಿ ಯಾರೂ ಮುಟ್ಟಿಲ್ರಿ. ಅವತ್ತು ಈಕಿನೇ ಕೂಸಿನ್ನ ಹಿಡದಿದ್ದಳು. ಹೌದಿಲ್ಲೋ ಅಕ್ಕಾ?"

ಡಾಕ್ಟರಮ್ಮ ನನ್ನ ಕಡೆ ನೋಡಿದಳು. "ನೀವು ಒಳಗಿದ್ರಾ?"

"ಇದ್ದೆ."

"ಬೆನ್ನಿಗೆ ಸೂಜಿ ಹಾಕಲಿಲ್ವಾ?"

"ಇಲ್ಲ."

ಒಂದೇ ಶಬ್ದ. ಯೋಚನೆ ಮಾಡಿ ಹೇಳಿದ್ದಲ್ಲ. ನಾಲಗೆಗೆ ರೂಢಿಯಾಗಿತ್ತು. ಎದುರಿಗೆ ಮಾಬೂಬಿ ನಿಂತಿದ್ದಳು, ಅವಳು ಹಾಕಿದ ಬಳೆ ನನ್ನ ಕೈಯಲ್ಲಿದ್ದವು. ಬೆನ್ನಿನ ನೀರು ತೆಗೆದದ್ದಕ್ಕೇ ಹೀಗಾಯಿತೇ, ನಾವು ನಕ್ಕ ಮಂದಿಯ ಮಾತೇ ಖರೆಯಾಯಿತೇ ಎಂಬ ಹೆದರಿಕೆಯೂ ಇತ್ತು. ಡಾಕ್ಟರಮ್ಮ ಚೀಟಿಯ ಮೇಲೆ ಬರೆದುಕೊಂಡಳು. ಎಕ್ಸರೇಯಲ್ಲಿ ಏನೂ ಎದ್ದು ಕಾಣಲಿಲ್ಲ. ಈ ಕಡೆ ಬೆನ್ನಿನ ಟಿಬಿ ಬಹಳ, ಗುಳಿಗೆ ಶುರು ಮಾಡೋಣ, ಎರಡು ತಿಂಗಳಿಗೆ ಕಡಿಮೆ ಆಗದಿದ್ದರೆ ಸ್ಕ್ಯಾನ್ ಮಾಡೋಣ ಎಂದು ದೊಡ್ಡ ಡಾಕ್ಟರು ಹೇಳಿದರು.

ಬಸ್ಸಿನಲ್ಲಿ ಕಲ್ಮಲ ದಾಟುವಾಗ ರೇಷ್ಮಾ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಮಾಬೂಬಿ ಗುಳಿಗೆಯ ಚೀಲವನ್ನು ಕುಂಕುಮದ ಭರಣಿಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಬಾಯಿ ಬಿಡಲು ನನಗೆ ಒಂದೂವರೆ ತಾಸು ದಾರಿಯಿತ್ತು. ಬಿಡಲಿಲ್ಲ.

ಗುಳಿಗೆ ನುಂಗಿದ ಮರುದಿನವೇ ಹುಡುಗಿಯ ಉಚ್ಚೆ ಕೆಂಪಾಯಿತು. ಮಾಬೂಬಿ ಗಾಬರಿಯಾಗಿ ಬಂದಳು. "ಗುಳಿಗಿ ಬಣ್ಣ ಅದು, ಹೆದರಬ್ಯಾಡ. ಔಷಧಿ ಹತ್ತಾಕತ್ತದ," ಎಂದೆ. ಮೊದಲನೆಯದು ನನಗೆ ಗೊತ್ತಿದ್ದ ಮಾತು. ಎರಡನೆಯದು ಬರೀ ಬಾಯಿಮಾತು. ಸಂಜೆ ಹೋಗಿ ಹುಡುಗಿಯ ಬೆನ್ನಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದೆ. ಟೊಂಕದ ಮೇಲಿನ ಗಂಟುಗಳ ನಡುವೆ ಹೆಬ್ಬೆರಳು ತಾನಾಗಿ ಹೋಗಿ ನಿಲ್ಲುತ್ತಿತ್ತು. ಅಲ್ಲಿ ಕಲೆ ಇರಲಿಲ್ಲ, ಉಬ್ಬು ಇರಲಿಲ್ಲ. ಆದರೂ ಬೆರಳಿಗೆ ಜಾಗ ನೆನಪಿತ್ತು.

"ಅಲ್ಲೇ ಅಜ್ಜಿ, ಅಲ್ಲೇ ನೋಯತದ. ನಿನಗ ಹೆಂಗ ಗೊತ್ತಾತು?" ಎಂದಳು ರೇಷ್ಮಾ.

"ಮುದುಕಿ ಕೈ. ತಿಳೀತದ. ಸುಮ್ನ ಮಲಕೋ."

ಹಂಗಾಮು ಮುಂದುವರಿಯಿತು. ಮೊದಲನೆಯ ಬಿಡಿಕೆ ಮುಗಿದು ಎರಡನೆಯದು ಬಂತು. ಹೊಲದಲ್ಲಿ ತೂಕದ ತಕ್ಕಡಿ, ಲಾರಿಯ ಮೇಲೆ ಗಂಟುಗಳು. ಚಳಿ ಹೆಚ್ಚಾಯಿತು. ರೇಷ್ಮಾಳ ಮುಖ ಸಣ್ಣದಾಯಿತು. ಶಾಲೆಗೆ ಹೋಗುವುದು ಬಿಟ್ಟಳು. ಬೆಂಚಿನ ಮೇಲೆ ಕೂತರೆ ಕಾಲು ಜೋಮು ಹಿಡಿಯುತ್ತದೆ ಎಂದಳು. ಮನೆಯಲ್ಲಿ ಒಬ್ಬಳೇ ಇದ್ದರೆ ಬೇಜಾರು ಎಂದು ತಾಯಿ ಅವಳನ್ನು ನನ್ನ ಜೊತೆ ಹೊಲಕ್ಕೆ ಕಳಿಸುತ್ತಿದ್ದಳು. ಹತ್ತಿ ಗಂಟಿನ ಮೇಲೆ ಕೂತು ಹುಡುಗಿಯರ ಹತ್ತಿರ ಹರಟುತ್ತಿದ್ದಳು. ಮಾಬೂಬಿಯ ಗಂಡ ಹೈದರಾಬಾದಿನಲ್ಲಿ ಕಟ್ಟಡ ಕೆಲಸಕ್ಕಿದ್ದ. ಫೋನಿನಲ್ಲಿ ದಿನಾ ಕೇಳುತ್ತಿದ್ದ. ಅವಳು, "ಈರಮ್ಮಕ್ಕ ಹೇಳ್ಯಾಳ, ಔಷಧಿ ಹತ್ತಾಕತ್ತದಂತ," ಎಂದು ಉತ್ತರ ಕೊಡುತ್ತಿದ್ದಳು. ನಮ್ಮ ಎರಡು ಮನೆಗೂ ಒಂದೇ ಗೋಡೆ, ಈಚೆ ನನಗೆ ಕೇಳುತ್ತಿತ್ತು.

ಸಂಕ್ರಮಣ ಮುಗಿದ ವಾರ. ಸಂಜೆ ಹೊಲದಿಂದ ಎಲ್ಲರೂ ಮರಳುತ್ತಿದ್ದೆವು. ರೇಷ್ಮಾ ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ. ಬಂಡಿಜಾಡಿನ ಮಣ್ಣಿನಲ್ಲಿ ಒಂದು ಚಪ್ಪಲಿ ಬಿದ್ದಿತ್ತು. ಬಲಗಾಲಿನದು. ಎತ್ತಿಕೊಂಡು ನೋಡಿದರೆ ಅವಳದೇ. ತಲೆಯೆತ್ತಿ ನೋಡಿದೆ. ಹುಡುಗಿ ಬರಿಗಾಲನ್ನು ಎಳೆಯುತ್ತ, ನೆಗ್ಗಿಲ ಮುಳ್ಳಿನ ಮೇಲೆ ನಡೆಯುತ್ತ, ಏನೋ ಹೇಳಿ ನಗುತ್ತಿದ್ದಳು. ಚಪ್ಪಲಿ ಹೋದದ್ದು ಅವಳಿಗೆ ಗೊತ್ತೇ ಇರಲಿಲ್ಲ.

"ರೇಷ್ಮಾ!"

ತಿರುಗಿದಳು. ನನ್ನ ಕೈಯಲ್ಲಿದ್ದ ಚಪ್ಪಲಿ ನೋಡಿದಳು, ತನ್ನ ಕಾಲು ನೋಡಿಕೊಂಡಳು. ನಗು ಹೋಯಿತು. ಆಗಲೇ ಹಿಂದಿನ ಹುಡುಗಿಯರು ಅವಳ ಲಂಗದ ಹಿಂಭಾಗ ನೋಡಿ ಕಿಸಕ್ಕೆಂದರು. ಒದ್ದೆಯಾಗಿತ್ತು. ಅವಳು ಕೂತಿದ್ದ ಹತ್ತಿ ಗಂಟೂ ಒದ್ದೆಯಾಗಿತ್ತಂತೆ. ನಾನು ಅವರಿಗೆ ಬೈದು ಮುಂದೆ ಕಳಿಸಿದೆ. ರೇಷ್ಮಾ ನನ್ನ ಸೆರಗು ಹಿಡಿದುಕೊಂಡು ಮೆಲ್ಲಗೆ ಹೇಳಿದಳು. "ಅಜ್ಜಿ, ನನಗ ಗೊತ್ತೇ ಆಗಲಿಲ್ಲ. ಖುದಾ ಕಸಮ್, ಗೊತ್ತೇ ಆಗಲಿಲ್ಲ."

ಮುಳ್ಳು ತೆಗೆಯಲು ಅವಳನ್ನು ಬದುವಿನ ಮೇಲೆ ಕೂಡಿಸಿದೆ. ಅಂಗಾಲಿನಲ್ಲಿ ಏಳು ಮುಳ್ಳಿದ್ದವು. ಒಂದನ್ನು ತೆಗೆಯುವಾಗಲೂ ಹಾಯ್ ಅನ್ನಲಿಲ್ಲ.

ಮರುದಿನವೇ ಎರಡನೆಯ ಸಲ ರಾಯಚೂರಿಗೆ ಹೋದಾಗ ಅದೇ ಡಾಕ್ಟರಮ್ಮ ಸಿಕ್ಕಳು. ಹುಡುಗಿಗೆ ಚಹಾ, ಬನ್ನು ತಂದುಕೊಡು ಎಂದು ಮಾಬೂಬಿಯನ್ನು ಹೊರಗೆ ಕಳಿಸಿದೆ. ರೇಷ್ಮಾ ಪರದೆಯ ಆಚೆ ಮಲಗಿದ್ದಳು. ಡಾಕ್ಟರಮ್ಮನ ಹತ್ತಿರ ಹೋಗಿ ನಿಂತೆ.

"ಅವತ್ತು ಸುಳ್ಳು ಹೇಳೀನ್ರಿ. ಎಂಟು ತಿಂಗಳಾಕಿ ಇದ್ದಾಗ ಬೆನ್ನಿಗಿ ಸೂಜಿ ಹಾಕಿದ್ವಿ. ನಾನೇ ಹಿಡದಿದ್ದೆ."

ಅವಳು ಪೆನ್ನು ಕೆಳಗಿಟ್ಟಳು. "ಅವತ್ತು ನಾನು ಎರಡು ಸಲ ಕೇಳಿದೆ."

"ಕೇಳಿದ್ರಿ."

"ಸೂಜಿಯೊಳಗೆ ತಂತಿ ಇತ್ತಾ, ಇರಲಿಲ್ವಾ? ನೆನಪಿದ್ರೆ ಹೇಳಿ."

ತಂತಿಯ ಮಾತು ಅವಳ ಬಾಯಿಂದ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಸ್ಟೌ, ಪಿನ್ನು, ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. "ಆ ತಂತಿ ಯಾಕಿರುತ್ತೆ ಗೊತ್ತಾ?" ಎಂದು ಕೇಳಿದಳು.

"ತೂತು ಕಟ್ಟಿದರ ಬಿಡಿಸಾಕ."

"ಅಲ್ಲ. ಚುಚ್ಚುವಾಗ ಸೂಜಿಯ ಬಾಯಿ ಮುಚ್ಚಿರೋಕೆ. ಬಾಯಿ ತೆರೆದಿದ್ರೆ ಸೂಜಿ ಚರ್ಮದ ಒಂದು ಚೂರು ಕತ್ತರಿಸಿಕೊಂಡು ಒಳಗೆ ಹೋಗುತ್ತೆ, ಅಲ್ಲೇ ಬಿಟ್ಟು ಬರುತ್ತೆ. ಕಣ್ಣಿಗೆ ಕಾಣದಷ್ಟು. ಚರ್ಮಕ್ಕೆ ತಾನು ಎಲ್ಲಿದ್ದೀನಿ ಅಂತ ಗೊತ್ತಾಗಲ್ಲ ಅಮ್ಮಾ. ಅಲ್ಲೇ ಬೆಳೀತಾ ಹೋಗುತ್ತೆ. ಹತ್ತು ಹನ್ನೆರಡು ವರ್ಷಕ್ಕೆ ಗಡ್ಡೆಯಾಗಿ ನರಗಳನ್ನ ಒತ್ತುತ್ತೆ. ಸ್ಕ್ಯಾನ್ ಆಗದೆ ಹೇಳೋಕಾಗಲ್ಲ. ಆದರೆ ಇವತ್ತೇ ಮಾಡಿಸ್ತೀನಿ."

"ನೀರು ತೆಗೆದದ್ದೇ ತಪ್ಪೇನ್ರಿ?"

"ನೀರು ತೆಗೆದದ್ದರಿಂದ ಬದುಕಿದಳು. ತಂತಿ ಇಲ್ಲದೆ ತೆಗೆದದ್ದು ತಪ್ಪು."

ಆ ಮಾತನ್ನು ನಾನು ಹನ್ನೆರಡು ವರ್ಷದಿಂದ ಇಟ್ಟುಕೊಂಡಿದ್ದೇನೆ. ಎರಡೂ ಭಾಗವನ್ನು.

ಸ್ಕ್ಯಾನಿನಲ್ಲಿ ಗಡ್ಡೆ ಕಂಡಿತು, ನನ್ನ ಹೆಬ್ಬೆರಳು ನಿಲ್ಲುತ್ತಿದ್ದ ಜಾಗದಲ್ಲೇ. ನಾಲ್ಕನೆಯ ದಿನ ಆಪರೇಷನ್. ಮಾಬೂಬಿ ವರಾಂಡದಲ್ಲಿ ಗೋಡೆಗೆ ಮುಖಮಾಡಿ ಕೂತು ತುಟಿ ಅಲುಗಿಸುತ್ತಿದ್ದಳು. ಮಧ್ಯಾಹ್ನ ಒಬ್ಬ ನರ್ಸು ಬಾಗಿಲಿಗೆ ಬಂದು ಹುಡುಗಿಯ ಹೆಸರು ಕೂಗಿದಳು. ನಾನು ಎದ್ದುಹೋದೆ. ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಕೈಯಲ್ಲಿಟ್ಟು, "ಲ್ಯಾಬಿಗೆ ಕೊಟ್ಟು ಬಾ ಅಜ್ಜಿ, ಚೀಟಿ ತಗೊಂಡು ಬಾ," ಎಂದಳು.

ಲ್ಯಾಬು ಇನ್ನೊಂದು ಕಟ್ಟಡದಲ್ಲಿತ್ತು. ಅಂಗಳ ದಾಟಿ ಹೋಗಬೇಕು. ಆಗಲೇ ರಾಯಚೂರಿನ ಬಿಸಿಲು ಶುರುವಾಗಿತ್ತು. ಬೇವಿನ ನೆರಳಿನಲ್ಲಿ ನಿಂತು ಡಬ್ಬಿಯನ್ನು ಎತ್ತಿ ನೋಡಿದೆ. ನೀರಿನಂಥ ಔಷಧಿಯಲ್ಲಿ ಬೆಳ್ಳಗಿನ ಚೂರುಗಳು, ಗಿಣ್ಣ ಒಡೆದ ಹಾಗೆ. ಒಂದು ಚೂರು ಮುತ್ತಿನಂತೆ ಹೊಳೆಯುತ್ತಿತ್ತು. ನೋಡಲು ಚೆಂದವೇ ಇತ್ತು. ನನಗೆ ಅಳು ಬರಲಿಲ್ಲ. ಎಂಟು ತಿಂಗಳ ಕೂಸಿನ ಚರ್ಮ ಇದು, ಹನ್ನೆರಡು ವರ್ಷ ಒಳಗೇ ದೊಡ್ಡದಾಗಿದೆ, ಒಳಗೆ ಹಾಕಿದವರಲ್ಲಿ ನಾನೊಬ್ಬಳು, ಹೊರಗೆ ಬಂದ ಮೇಲೆ ಹೊರುವವಳೂ ನಾನೇ ಅನ್ನಿಸಿತು. ಡಬ್ಬಿ ಕೊಟ್ಟು ಚೀಟಿ ತೆಗೆದುಕೊಂಡೆ.

ನೋವು ಹೋಯಿತು. ಉಚ್ಚೆಯ ತೊಂದರೆ ತಿಂಗಳೊಳಗೆ ಸರಿಹೋಯಿತು. ಬಲಗಾಲಿನ ಪಾದ ಮಾತ್ರ ಏಳಲಿಲ್ಲ. ಡಿಸ್ಚಾರ್ಜಿನ ದಿನ ನಾನು ಡಾಕ್ಟರಮ್ಮನನ್ನು ಕೇಳಿದೆ. "ಅವತ್ತೇ ಹೇಳಿದ್ದರ ಕಾಲು ಉಳೀತಿತ್ತೇನ್ರಿ?"

"ಖಾತ್ರಿ ಹೇಳೋಕಾಗಲ್ಲ. ಅವತ್ತು ಪಾದದಲ್ಲಿ ಶಕ್ತಿ ಇತ್ತು. ನಾನೇ ನೋಡಿದ್ದೆ."

ದೇವದುರ್ಗಕ್ಕೆ ಬಂದು ಎರಡು ವಾರ ಸುಮ್ಮನಿದ್ದೆ. ಮಾಬೂಬಿ ಬಂದವರಿಗೆಲ್ಲ ನನ್ನನ್ನು ತೋರಿಸಿ, "ಎರಡನೇ ಸಲಾನೂ ಈಕಿನೇ ಉಳಿಸಿದ್ದು. ಚಪ್ಪಲಿ ಬಿದ್ದದ್ದು ನೋಡಿ ಓಡಿಸಿಕೊಂಡು ಹೋದಳು," ಎಂದು ಹೇಳತೊಡಗಿದಳು. ಡಾಕ್ಟರಮ್ಮ ಅವಳಿಗೆ ಗಡ್ಡೆ ಎಂದಷ್ಟೇ ಹೇಳಿದ್ದಳು. ಉಳಿದದ್ದನ್ನು, "ನೀವೇ ಹೇಳಿ, ಇಲ್ಲದಿದ್ದರೆ ನಾನು ಹೇಳಬೇಕಾಗುತ್ತೆ," ಎಂದು ನನಗೇ ಬಿಟ್ಟಿದ್ದಳು. ಉಗಾದಿಗೆ ಇನ್ನೂ ದಿನವಿತ್ತು. ಆದರೂ ಒಂದು ಸಂಜೆ ಮಾಬೂಬಿ ಬಳೆಯ ಬುಟ್ಟಿ ಇಳಿಸಿ, "ಕೈ ಕೊಡಕ್ಕಾ. ಈ ಸಲ ನಾಕು ಹಾಕತೀನಿ," ಎಂದಳು.

ನಾನು ಕೈ ಕೊಡಲಿಲ್ಲ. "ಕೂತಕೋ," ಎಂದೆ.

ಹೇಳಿದೆ. ಹೆಬ್ಬೆಟ್ಟಿನಿಂದ ಹಿಡಿದು ಡಬ್ಬಿಯ ತನಕ. ಅವಳು ಕೇಳುತ್ತ, ಬುಟ್ಟಿಯೊಳಗಿನ ಬಳೆಗಳನ್ನು ಬಣ್ಣ ನೋಡಿ ನೋಡಿ ಬೇರೆ ಬೇರೆ ಇಡುತ್ತಿದ್ದಳು. ಹಸಿರು ಹಸಿರಿನ ಹತ್ತಿರ, ಕೆಂಪು ಕೆಂಪಿನ ಹತ್ತಿರ. ಮುಗಿದ ಮೇಲೆ ಕೇಳಿದಳು.

"ಸೂಜಿ ಹಾಕಿದ್ದು ಇರಲಿ. ಇಲ್ಲಂದ್ರ ಸಾಯತಿತ್ತು. ತಂತಿ ಮುರದದ್ದೂ ಇರಲಿ. ನಿನಗ ಗೊತ್ತಿದ್ದಿಲ್ಲ, ಆ ಡಾಕ್ಟರಿಗಿ ಗೊತ್ತಿತ್ತು, ಅಂವ ಸತ್ತು ಹೋದ. ರಾಯಚೂರಾಗ ಆ ಹುಡುಗಿ ಕೇಳಿದಾಗ ಸುಮ್ನ ಯಾಕಿದ್ದಿ?"

"ಸುಮ್ನಿರಲಿಲ್ಲ. ಇಲ್ಲ ಅಂದೆ."

"ಅದನೇ ಕೇಳಾಕತ್ತೀನಿ. ನನ್ನ ಬಾಯಿಲೆ ಸುಳ್ಳು ಹೇಳಿಸಿ, ಅದರ ಮ್ಯಾಲ ನೀನು ಇಲ್ಲ ಅಂದಿ. ಯಾಕ?"

"ನೀ ಬಳಿ ಹಾಕತಿದ್ದೆಲ್ಲ," ಎಂದೆ.

ಕೈಯಲ್ಲಿದ್ದ ಎರಡು ಬಳೆ ತೆಗೆದು ಬುಟ್ಟಿಯ ಅಂಚಿಗೆ ಇಡಲು ಹೋದೆ. ಅವಳು ಬುಟ್ಟಿ ಹಿಂದಕ್ಕೆ ಎಳೆದುಕೊಂಡಳು. "ಹಾಕಿದ ಗಾಜು ವಾಪಸ್ ತೊಗೊಳ್ಳಂಗಿಲ್ಲ. ನಿನ್ನ ಕೈಯಾಗೇ ಇರಲಿ. ನೋಡಿಕೋತ ಇರು."

ಬಾಗಿಲಲ್ಲಿ ರೇಷ್ಮಾ ಬಂದು ನಿಂತಿದ್ದಳು. ಎಷ್ಟು ಕೇಳಿದ್ದಳೋ. ಬಲಗಾಲಿಗೆ ಹೊಸ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ದೊಡ್ಡ ಅಳತೆಯ ಬೂಟು. ಮಾಬೂಬಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಅವಳ ಕೈ ಹಿಡಿದಳು. "ಚಲ್ ಬೇಟಾ." ನಾಲ್ಕು ಹೆಜ್ಜೆ ಹೋದವಳು ತಿರುಗಿದಳು.

"ಆ ಸೂಜಿ ಇನ್ನೂ ಎರಡು ಮೂರು ವರ್ಷ ನಡೀತಂದೆಲ್ಲ, ಅದರಿಂದ ಎಷ್ಟು ಮಕ್ಕಳಿಗಿ ಹಾಕಿದ್ರಿ?"

"ನೆನಪಿಲ್ಲ."

"ನೆನಪು ಮಾಡಿಕೋ," ಎಂದಳು.

ಕೂತು ನೆನಪು ಮಾಡಿಕೊಂಡೆ. ಹೆಸರು ಬರಲಿಲ್ಲ. ಮಗುವನ್ನು ಹಿಡಿಯುವ ಮೊದಲು ತಾಯಿಗೆ ಯಾವ ಊರು ಎಂದು ಕೇಳುವುದು ನನ್ನ ರೂಢಿ, ಅದರಿಂದ ಊರುಗಳು ಬಂದವು. ಇಬ್ಬರು ಆಗಲೇ ಜ್ವರದಲ್ಲಿ ಸತ್ತಿದ್ದರು. ಯರಗೇರಾದ ಕಡೆಯ ಒಂದು ಗಂಡು, ಕಲ್ಮಲದ ಒಂದು. ಮಾನ್ವಿಯ ಒಂದು ಹೆಣ್ಣುಕೂಸು. ತಾಯಿ ಅಕ್ಕಿ ಗಿರಣಿಯಲ್ಲಿ ಕೆಲಸ, ತವರಿಗೆ ಬಂದಾಗ ಕೂಸಿಗೆ ಜ್ವರ ಹತ್ತಿತ್ತು, ಗಿರಣಿಯ ಹಿಂದಿನ ಸಾಲುಮನೆ ಎಂದಿದ್ದಳು. ಮತ್ತೂ ಇದ್ದಾರು. ಇಷ್ಟು ಸಿಕ್ಕವು.

ಮರುದಿನ ಬೆಳಗ್ಗೆ ಮೊದಲ ಬಸ್ಸು ಹತ್ತಿದೆ. ಸಿರವಾರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಮಾನ್ವಿಗೆ ಹೋದೆ. ಗಿರಣಿಯ ಹಿಂದಿನ ಸಾಲಿನಲ್ಲಿ ಮೂರು ಮನೆ ಕೇಳಿದ ಮೇಲೆ ಆ ತಾಯಿ ಸಿಕ್ಕಳು. ತೌಡಿನ ಧೂಳಿನಿಂದ ಹುಬ್ಬು ಬೆಳ್ಳಗಾಗಿತ್ತು. ನನ್ನ ಗುರುತು ಸಿಕ್ಕಿತು. "ಯವ್ವಾ, ದವಾಖಾನಿ ಆಯವ್ವ! ಬರ್ರಿ ಒಳಗ, ಚಾ ಕುಡೀರಿ. ನನ್ನ ಮಗಳಿನ್ನ ಉಳಿಸಿದಾಕಿ ನೀವು," ಎಂದು ಕೈ ಹಿಡಿದಳು.

ಕೈ ಬಿಡಿಸಿಕೊಂಡು, ಹೊಸ್ತಿಲ ಆಚೆಯೇ ನಿಂತು, ಆ ದಿನ ಸೂಜಿ ಹಾಕಿದ್ದು ಬೆನ್ನಿಗೆ, ಕುಂಡಿಗಲ್ಲ, ನಾನು ಸುಳ್ಳು ಹೇಳಿದ್ದೆ ಎಂದು ಹೇಳಿದೆ. ತಂತಿಯ ವಿಷಯ ಹೇಳಿದೆ. ಅವಳ ಮುಖದಲ್ಲಿ ನಗು ಹಾಗೆಯೇ ನಿಂತಿತ್ತು, ತೆಗೆಯಲು ಮರೆತವಳ ಹಾಗೆ.

"ಮಗಳು ಎಲ್ಲಿ?"

ಹುಡುಗಿ ಹಿತ್ತಲಿಂದ ಬಂದಳು. ಹತ್ತು ಹನ್ನೊಂದು ವರ್ಷ. ಎರಡು ಜಡೆ, ಕೈಗೆ ಪಾತ್ರೆ ತಿಕ್ಕಿದ ಬೂದಿ. ತಾಯಿಯನ್ನೂ ನನ್ನನ್ನೂ ನೋಡಿದಳು.

"ಬಗ್ಗವ್ವ. ಮೊಣಕಾಲು ಮಡಚಬ್ಯಾಡ. ಕಾಲ ಬೆರಳು ಮುಟ್ಟು ನೋಡಮು," ಎಂದೆ.

ಹುಡುಗಿ ನಕ್ಕಳು. ಬಗ್ಗಿದಳು. ಜಡೆ ಎರಡೂ ನೆಲಕ್ಕೆ ಬಿದ್ದವು, ಬೂದಿಯ ಬೆರಳು ಕಾಲ ಬೆರಳಿಗೆ ಮುಟ್ಟಿದವು. ಎದ್ದು ನಿಂತು, ಆಯ್ತಾ ಎನ್ನುವ ಹಾಗೆ ನೋಡಿದಳು.

ನಾನು ಹೊಸ್ತಿಲ ಆಚೆ ಕುಕ್ಕರಿಸಿ ಅವಳ ಎರಡೂ ಪಾದ ನೋಡುತ್ತ, "ಇನ್ನೊಮ್ಮಿ," ಎಂದೆ.